ವೆಲ್ಲೂರಿನ ಆಟದ ಶಾಲೆ

ಹೊಸೂರಿನಿಂದ ವೆಲ್ಲೂರಿಗೆ ಸುಮಾರು 170 ಕಿಲೋಮೀಟರುಗಳ ಹಾದಿ. ನಮ್ಮ ಕಡೆಯ ಜನ ಆ ಊರಿಗೆ ಹೋಗುವುದು ಸಾಮಾನ್ಯವಾಗಿ ಎರಡೇ ಕಾರಣಗಳಿಗೆ: ಕೋಟೆಯನ್ನು ನೋಡುವುದಕ್ಕೆ, ಇಲ್ಲವೆ ಆಸ್ಪತ್ರೆಯ ಬಾಗಿಲು ತಟ್ಟುವುದಕ್ಕೆ. ಮೊದಲನೆಯ ಕಾರಣಕ್ಕೆ ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಎರಡು ಸಲ ಹೋಗಿ ಬಂದಿದ್ದೆ. ಹೋದ ವರ್ಷ ಸಂಕ್ರಾಂತಿ ಕಳೆದ ಮೂರನೆಯ ದಿನ ಎರಡನೆಯ ಕಾರಣಕ್ಕಾಗಿ ಹೊರಡಬೇಕಾಯಿತು. ಜೊತೆಯಲ್ಲಿದ್ದವಳು ನನ್ನ ಅಕ್ಕ.

ಅಕ್ಕ ನನಗಿಂತ ಹನ್ನೊಂದು ವರ್ಷ ಹಿರಿಯಳು. ನಮ್ಮ ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಂದಿನಿಂದ ನನಗೆ ಉಣ್ಣಿಸಿದವಳೂ ತಲೆ ಬಾಚಿದವಳೂ ಅವಳೇ. ಮೊರದಲ್ಲಿ ರಾಗಿಯನ್ನು ಹರಡಿ, ನನ್ನ ತೋರುಬೆರಳನ್ನು ತನ್ನ ಬಲಗೈಯಲ್ಲಿ ಹಿಡಿದು, ಮೊದಲ ಕನ್ನಡ ಅಕ್ಷರವನ್ನು ತಿದ್ದಿಸಿದವಳೂ ಅವಳೇ. ಮುಂದೆ ನಾನು ಶಿಕ್ಷಕರ ತರಬೇತಿ ಪಡೆದು, ಗಡಿಯ ಈ ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿ ಎಷ್ಟೋ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದೇನೆ. ಆದರೆ ನನ್ನ ಮೊದಲ ಶಾಲೆ ಆ ರಾಗಿಯ ಮೊರವೇ. ಅಕ್ಕ ಗಂಡನನ್ನು ಕಳೆದುಕೊಂಡ ಮೇಲೆ ನಮ್ಮ ಮನೆಗೇ ಬಂದು ನೆಲೆಸಿದಳು.

ದೀಪಾವಳಿಯ ಮಾರನೆಯ ದಿನ ಬೆಳಗ್ಗೆ ಅವಳು ಅಂಗಳದಲ್ಲಿ ರಂಗೋಲಿ ಇಡುತ್ತಿದ್ದಾಗ ಪುಡಿ ಬೆರಳುಗಳಿಂದ ಜಾರಿ ಒಂದೇ ಕಡೆ ಸುರಿಯಿತು. ಬಾಯಿ ಒಂದು ಬದಿಗೆ ಸೊಟ್ಟಗಾಯಿತು. ಮಾತು ತೊದಲಿತು. ನಾವು ಅದನ್ನು ವಾಯು ಎಂದುಕೊಂಡೆವು. ಎಣ್ಣೆ ಕಾಯಿಸಿ ತಿಕ್ಕಿದೆವು. “ಸಾಯಂಕಾಲದವರೆಗೆ ನೋಡೋಣ” ಎಂದವನು ಬೇರೆ ಯಾರೂ ಅಲ್ಲ, ನಾಲ್ಕು ಅಕ್ಷರ ಕಲಿತ ನಾನೇ. ಸಾಯಂಕಾಲ ಹೊಸೂರಿಗೆ ಕರೆದೊಯ್ದಾಗ ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಇದು ಎಷ್ಟು ಹೊತ್ತಿಗೆ ಆರಂಭವಾಯಿತು?” ಎಂಬುದು. ನಾನು ಗಂಟೆ ಹೇಳಿದೆ. ಅವರು ಗಡಿಯಾರವನ್ನು ನೋಡಿ ಸುಮ್ಮನಾದರು.

ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದಾಗ, ಆ ಹೆಪ್ಪನ್ನು ಕರಗಿಸುವ ಔಷಧಿ ಇದೆ. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಪ್ರಯೋಜನ ಹೆಚ್ಚು. ಮುಖ ಸೊಟ್ಟಗಾದರೆ, ಒಂದು ತೋಳು ಮೇಲೇಳದಿದ್ದರೆ, ಮಾತು ತೊದಲಿದರೆ, ಎಣ್ಣೆಯ ಗಿಂಡಿಯನ್ನು ಹುಡುಕದೆ ಮೆದುಳಿನ ಛಾಯಾಚಿತ್ರ ತೆಗೆಯುವ ಸೌಕರ್ಯವಿರುವ ಆಸ್ಪತ್ರೆಗೆ ಓಡಬೇಕು. ನಮ್ಮ ಮಾಸಪತ್ರಿಕೆಯನ್ನು ಓದುವ ಪ್ರತಿಯೊಂದು ಕುಟುಂಬವೂ ಇದೊಂದು ಮಾತನ್ನು ನೆನಪಿಟ್ಟುಕೊಂಡರೆ ಈ ಲೇಖನ ಬರೆದದ್ದು ಸಾರ್ಥಕ. ನನಗೆ ಅದು ತಿಳಿಯುವ ಹೊತ್ತಿಗೆ ಗಂಟೆಗಳು ಮೀರಿಹೋಗಿದ್ದವು.

ಎರಡು ತಿಂಗಳಲ್ಲಿ ಅಕ್ಕನ ಮಾತು ಬಹುಮಟ್ಟಿಗೆ ತಿಳಿಯಾಯಿತು. ಊರುಗೋಲು ಹಿಡಿದು ನಡೆಯುವಷ್ಟು ಕಾಲು ಬಂತು. ಬಲಗೈ ಮಾತ್ರ ಮುಷ್ಟಿ ಬಿಗಿದುಕೊಂಡು ಎದೆಗೆ ಒತ್ತಿ ನಿಂತಿತು. ಎಡಗೈಯಲ್ಲಿ ಉಣ್ಣಲು ಅವಳು ಒಪ್ಪಲಿಲ್ಲ. ಚಮಚ ಮುಟ್ಟಲಿಲ್ಲ. ನನ್ನ ಹೆಂಡತಿ ತುತ್ತು ಮಾಡಿ ಬಾಯಿಗಿಟ್ಟರೆ ಎರಡು ತುತ್ತಿಗೇ ಸಾಕೆನ್ನುತ್ತಿದ್ದಳು. ಇಡೀ ಮುದ್ದೆ ಉಣ್ಣುತ್ತಿದ್ದ ಹೆಂಗಸು ಕಾಲುಮುದ್ದೆಗೆ ಇಳಿದಳು. ಕೈಯನ್ನು ಮೇಲೆತ್ತು, ಕೆಳಗಿಳಿಸು, ಹತ್ತು ಸಲ ಮಾಡು ಎಂದು ಬರೆದುಕೊಟ್ಟಿದ್ದ ವ್ಯಾಯಾಮದ ಹಾಳೆಯನ್ನು ಮೂರೇ ದಿನಕ್ಕೆ ಮಡಿಸಿ ಇಟ್ಟುಬಿಟ್ಟಳು. “ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋದು ಯಾಕಪ್ಪಾ?” ಎಂದಳು. ವೆಲ್ಲೂರಿಗೆ ಹೊರಟದ್ದು ಆಮೇಲೆ.

ಸೂಳಗಿರಿಯ ಬಂಡೆಬೆಟ್ಟಗಳನ್ನೂ ಕೃಷ್ಣಗಿರಿಯ ಮಾವಿನ ತೋಪುಗಳನ್ನೂ ದಾಟಿ, ಬರಗೂರು, ವಾಣಿಯಂಬಾಡಿ, ಆಂಬೂರುಗಳ ಮಾರ್ಗವಾಗಿ ಬಸ್ಸು ಸಾಗುತ್ತದೆ. ವಾಣಿಯಂಬಾಡಿಯಿಂದ ಮುಂದಕ್ಕೆ ಪಾಲಾರ್ ನದಿ ನಮಗೆ ಜೊತೆಯಾಗುತ್ತದೆ. ಈ ನದಿ ನಮ್ಮ ಕನ್ನಡ ನಾಡಿನ ಮಗಳು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರದ ನೆಲವನ್ನು ಹಾದು, ಆಂಧ್ರದ ಒಂದು ಮೂಲೆಯನ್ನು ಮುಟ್ಟಿ, ಈ ಬಯಲಿಗೆ ಇಳಿಯುತ್ತಾಳೆ. ಹೆಸರಿಗೆ ಹಾಲಿನ ಹೊಳೆ. ನಾವು ಕಂಡದ್ದು ಕಣ್ಣು ಹಾಯುವಷ್ಟು ಮರಳು, ನಡುನಡುವೆ ಜಾಲಿಯ ಪೊದೆ. ಈ ದಡದ ಊರುಗಳು ಚರ್ಮ ಹದ ಮಾಡುವ ಉದ್ಯಮಕ್ಕೆ ಹೆಸರಾದವು. ಆ ಕಾರ್ಖಾನೆಗಳ ಕೊಳೆನೀರು ನದಿಯನ್ನು ಕೆಡಿಸಿದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1996ರಲ್ಲಿ ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕೆಂಬ ಪ್ರಸಿದ್ಧ ತೀರ್ಪು ಬಂತು. ಅಕ್ಕ ಕಿಟಕಿಯಿಂದ ನೋಡುತ್ತಲೇ, “ನಮ್ಮೂರ ಕೆರೆ ಇದಕ್ಕಿಂತ ಮೇಲು” ಎಂದಳು. ಹೊರಟ ಮೇಲೆ ಅವಳಾಡಿದ ಮೊದಲ ಮಾತು ಅದು.

ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಕಥೆ ಒಂದೇ ಹಾಸಿಗೆಯಿಂದ ಆರಂಭವಾಗುತ್ತದೆ. 1900ರಲ್ಲಿ ಅಮೆರಿಕದ ವೈದ್ಯೆ ಡಾಕ್ಟರ್ ಐಡಾ ಸ್ಕಡರ್ ಅವರು ತೆರೆದ ಚಿಕಿತ್ಸಾಲಯದಲ್ಲಿ ಇದ್ದದ್ದು ಒಂದು ಹಾಸಿಗೆ. ಇಂದು ಆ ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ನಡೆದರೆ ಬಂಗಾಳಿಯೂ ಹಿಂದಿಯೂ ತೆಲುಗೂ ಕಿವಿಗೆ ಬೀಳುತ್ತವೆ. ವಸತಿಗೃಹಗಳ ಹಲಗೆಗಳ ಮೇಲೆ ಬಂಗಾಳಿ ಅಕ್ಷರಗಳನ್ನು ಕಾಣಬಹುದು. ಕನ್ನಡದ ದನಿಯೂ ಅಪರೂಪವಲ್ಲ. ಗಡಿನಾಡಿನವರಾದ ನಮಗೆ ಹಲವು ಭಾಷೆಗಳ ನಡುವೆ ಬದುಕುವುದು ಹೊಸದಲ್ಲ. ಆದರೆ ಇಲ್ಲಿ ಎಲ್ಲ ಭಾಷೆಗಳಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: “ವಾಸಿಯಾಗುತ್ತದೆಯೇ?”

ಪಟ್ಟಣದಿಂದ ಕೆಲವು ಕಿಲೋಮೀಟರು ದೂರದ ಬಾಗಾಯಂ ಎಂಬಲ್ಲಿ ಪುನಶ್ಚೇತನ ಸಂಸ್ಥೆ ಇದೆ. ಅದರ ಹಿಂದೆ ಇರುವ ಹೆಸರು ಡಾಕ್ಟರ್ ಮೇರಿ ವರ್ಗೀಸ್ ಅವರದು. ಕೊಚ್ಚಿಯಲ್ಲಿ 1925ರಲ್ಲಿ ಹುಟ್ಟಿದ ಈಕೆ ವೆಲ್ಲೂರಿನಲ್ಲಿಯೇ ಓದಿ ವೈದ್ಯೆಯಾದವರು. 1954ರಲ್ಲಿ ವಾಹನ ಅಪಘಾತಕ್ಕೆ ಸಿಕ್ಕಿ ಸೊಂಟದಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತು. ಅಲ್ಲಿಗೆ ವೃತ್ತಿ ಮುಗಿಯಿತೆಂದೇ ಯಾರಾದರೂ ಭಾವಿಸಬಹುದಾಗಿತ್ತು. ಆದರೆ ಗಾಲಿಕುರ್ಚಿಯ ಮೇಲೆ ಕುಳಿತೇ ಅವರು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತರು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿಯೂ ಬಳಿಕ ನ್ಯೂಯಾರ್ಕಿನಲ್ಲಿಯೂ ತರಬೇತಿ ಪಡೆದು ಹಿಂದಿರುಗಿ, ವೆಲ್ಲೂರಿನ ಪುನಶ್ಚೇತನ ವಿಭಾಗವನ್ನು ಕಟ್ಟಿದರು. ಬಾಗಾಯಮಿನ ಸಂಸ್ಥೆ 1966ರಲ್ಲಿ ಆರಂಭವಾಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1986ರಲ್ಲಿ ಅವರು ತೀರಿಕೊಂಡರು. ಈ ಕಥೆಯನ್ನು ನಾನು ಅಕ್ಕನಿಗೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ಆಕೆಗೆ ಕೈ ಇತ್ತಲ್ಲ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕೈಗಳ ಕಥೆ ಈ ಊರಿನಲ್ಲಿ ಅದಕ್ಕಿಂತ ಹಳೆಯದು. 1946ರಲ್ಲಿ ಇಲ್ಲಿಗೆ ಬಂದ ಶಸ್ತ್ರವೈದ್ಯ ಡಾಕ್ಟರ್ ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮುರುಟಿದ ಬೆರಳುಗಳಿಗೆ ಚಲನೆ ತರುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದರು. ಒಂದು ದಿನ ತುಕ್ಕು ಹಿಡಿದ ಬೀಗವೊಂದು ಅವರ ಕೈಗೆ ತಿರುಗಲೇ ಇಲ್ಲವಂತೆ. ರೋಗಿಯಾಗಿದ್ದ ಒಬ್ಬ ಹುಡುಗ ಮುಂದೆ ಬಂದು ಕೀಲಿಯನ್ನು ತಿರುಗಿಸಿಬಿಟ್ಟ. ನೆಲದ ಮೇಲೆ ರಕ್ತ ಬಿದ್ದುದನ್ನು ಕಂಡು ನೋಡಿದರೆ, ಅವನ ಬೆರಳು ಎಲುಬು ಕಾಣುವಷ್ಟು ಕೊಯ್ದುಹೋಗಿತ್ತು. ಅವನಿಗೆ ಅದು ತಿಳಿದೇ ಇರಲಿಲ್ಲ. ಕುಷ್ಠರೋಗಿಯ ಬೆರಳುಗಳು ರೋಗದಿಂದ ತಾವಾಗಿಯೇ ಉದುರುವುದಲ್ಲ, ನೋವು ತಿಳಿಯದ ಕಾರಣ ಗಾಯಗೊಂಡು ಸವೆಯುತ್ತವೆ ಎಂಬ ಅರಿವು ಇಂಥ ಘಟನೆಗಳಿಂದ ಅವರಿಗೆ ದೃಢವಾಯಿತು. ಶಸ್ತ್ರಚಿಕಿತ್ಸೆಯ ಅನಂತರ ಆ ಕೈಗಳಿಗೆ ಕೆಲಸ ಕಲಿಸಬೇಕಲ್ಲ? ಅದಕ್ಕಾಗಿ 1950ರ ದಶಕದ ಆರಂಭದಲ್ಲಿ ಅವರು ನವಜೀವ ನಿಲಯವೆಂಬ ಪುಟ್ಟ ಬಡಾವಣೆಯನ್ನು ಕಟ್ಟಿಸಿದರು. ಅಲ್ಲಿ ರೋಗಿಗಳು ಮರಗೆಲಸ ಕಲಿತರು; ಅವರ ಕೈಗಳಿಂದ ಹೊರಬಂದದ್ದು ಮಕ್ಕಳ ಮರದ ಆಟಿಕೆಗಳು. ಆಟಕ್ಕೂ ಕೈಯ ಚಿಕಿತ್ಸೆಗೂ ಈ ಊರಿನಲ್ಲಿ ಇರುವ ನಂಟು ಹಳೆಯದೆಂದು ಹೇಳಲು ಇದನ್ನು ಬರೆದೆ.

ಮರುದಿನ ನಮ್ಮನ್ನು ಕೈಚಿಕಿತ್ಸೆಯ ಕೋಣೆಗೆ ಕಳುಹಿಸಿದರು. ಬಾಗಿಲಲ್ಲಿ ನಿಂತ ಅಕ್ಕ ಒಳಗೆ ಕಣ್ಣಾಡಿಸಿ ನನ್ನ ಕಡೆ ತಿರುಗಿದಳು. “ಏನೋ ಇದು? ಮುದಿ ವಯಸ್ಸಿನಲ್ಲಿ ನನ್ನನ್ನು ಬಾಲವಾಡಿಗೆ ಸೇರಿಸೋಕೆ ಕರ್ಕೊಂಡು ಬಂದ್ಯಾ?”

ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಒಂದು ಮೇಜಿನ ಮೇಲೆ ಒಂಬತ್ತು ತೂತುಗಳ ಹಲಗೆ, ಅದರಲ್ಲಿ ನೆಡುವುದಕ್ಕೆ ಒಂಬತ್ತು ಸಣ್ಣ ಗೂಟ. ಇನ್ನೊಂದರ ಮೇಲೆ ಬಣ್ಣದ ಜೇಡಿಯಂಥ ಹಿಟ್ಟು. ಒಂದರ ಮೇಲೊಂದು ಪೇರಿಸುವ ಶಂಕುಗಳು, ಮರದ ಘನಗಳು, ಗೋಲಿಗಳು. ಮೀಸೆ ನರೆತ ಗಂಡಸರು ಹುಬ್ಬು ಗಂಟಿಕ್ಕಿಕೊಂಡು ಗೂಟ ನೆಡುತ್ತಿದ್ದರು.

ನನಗೆ ಮಾತ್ರ ಆ ಕೋಣೆ ಪರಿಚಿತವೆನಿಸಿತು. ತರಬೇತಿ ಶಾಲೆಯಲ್ಲಿ ನಾವು ಓದಿದ್ದ ಶಿಕ್ಷಣದ ಇತಿಹಾಸ ಕಣ್ಣೆದುರು ಮೂರ್ತಿಗೊಂಡಿತ್ತು. ಜರ್ಮನಿಯ ಫ್ರೋಬೆಲ್ 1837ರಲ್ಲಿ ತೆರೆದ ಶಿಶುಶಾಲೆಯಲ್ಲಿ ಮಕ್ಕಳಿಗೆ ಕೊಟ್ಟ ಚೆಂಡು, ಘನ, ಉರುಳೆಗಳ ‘ಕೊಡುಗೆ’ಗಳನ್ನು ಯಾವ ಶಿಕ್ಷಕ ಮರೆತಾನು? 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮಾಂಟೆಸೊರಿ ತೆರೆದ ಶಿಶುಗೃಹವನ್ನೂ ನಾವು ಬಲ್ಲೆವು. ಮಾಂಟೆಸೊರಿ ವೃತ್ತಿಯಿಂದ ವೈದ್ಯೆ. ಆಕೆ ಮೊದಲು ಕಲಿಸಿದ್ದು ಬುದ್ಧಿಮಾಂದ್ಯರೆಂದು ಬದಿಗಿರಿಸಿದ್ದ ಮಕ್ಕಳಿಗೆ. ಇತಾರ್ ಮತ್ತು ಸೆಗೆಂ ಎಂಬ ಫ್ರೆಂಚ್ ವೈದ್ಯರು ಅಂಥ ಮಕ್ಕಳಿಗಾಗಿ ರೂಪಿಸಿದ್ದ ಸಾಧನಗಳೇ ಆಕೆಯ ಮರಳುಕಾಗದದ ಅಕ್ಷರಗಳಿಗೂ ಆಟದ ವಸ್ತುಗಳಿಗೂ ಪ್ರೇರಣೆ. 1939ರಲ್ಲಿ ಆಕೆ ಮದರಾಸಿನ ಅಡ್ಯಾರಿಗೆ ಬಂದು ಭಾರತದ ಶಿಕ್ಷಕರಿಗೆ ತರಬೇತಿ ಕೊಟ್ಟಳು. ಹೀಗೆ ನಮ್ಮ ಶಿಶುವಿಹಾರಗಳಲ್ಲಿರುವ ಎಷ್ಟೋ ಆಟಿಕೆಗಳು ಹುಟ್ಟಿದ್ದು ಚಿಕಿತ್ಸೆಯ ಕೋಣೆಯಲ್ಲಿ. ಈಗ ಅವು ತವರಿಗೆ ಮರಳಿವೆ, ಅಷ್ಟೇ.

ಕೋಣೆಯ ಮೂಲೆಯಲ್ಲಿ ಒಂದು ಹೊಸ ಬಗೆಯ ಆಟಿಕೆ ಇತ್ತು. ಮೇಜಿನ ಮೇಲೆ ಕೂರುವಷ್ಟು ಸಣ್ಣ ಯಂತ್ರ. ಅದರ ಎದುರು ಗಣಕಯಂತ್ರದ ಪರದೆ. ಯಂತ್ರದ ಹೆಸರು ಪ್ಲೂಟೊ. ಇದೇ ಕಾಲೇಜಿನ ಜೈವಿಕ ತಂತ್ರವಿಜ್ಞಾನ ವಿಭಾಗದವರೂ ಮದ್ರಾಸ್ ಐ.ಐ.ಟಿ.ಯವರೂ ಕೂಡಿ ನಿರ್ಮಿಸಿದ್ದು. ಒಳಗಿರುವುದು ಒಂದೇ ಮೋಟಾರು. ಆದರೆ ಅದಕ್ಕೆ ತೊಡಿಸುವ ಹಿಡಿಗಳು ಬೇರೆ ಬೇರೆ. ಒಂದು ಹಿಡಿ ಮಣಿಕಟ್ಟನ್ನು ಬಾಗಿಸಿ ಎತ್ತುವುದಕ್ಕೆ, ಇನ್ನೊಂದು ಮುಂಗೈಯನ್ನು ಅಂಗಾತ ಬೋರಲು ತಿರುಗಿಸುವುದಕ್ಕೆ, ಮತ್ತೊಂದು ಮುಷ್ಟಿ ತೆರೆದು ಮುಚ್ಚುವುದಕ್ಕೆ. ಸಾಣೆಕಲ್ಲೊಂದೇ ಇದ್ದರೂ ಕುಡುಗೋಲನ್ನೂ ಕೊಡಲಿಯನ್ನೂ ಅದಕ್ಕೇ ಹಿಡಿಯುವಂತೆ ಎನ್ನಬಹುದು.

ಅದರ ವಿಧಾನವನ್ನು ಅಲ್ಲಿನ ಯುವ ಚಿಕಿತ್ಸಕಿ ನನಗೆ ಬಿಡಿಸಿ ಹೇಳಿದಳು. ಮೊದಲು ರೋಗಿಯ ಕೈ ತಾನಾಗಿ ಎಷ್ಟು ಚಲಿಸುತ್ತದೆ ಎಂಬುದನ್ನು ಯಂತ್ರ ಅಳೆಯುತ್ತದೆ. ಅನಂತರ ಪರದೆಯ ಮೇಲೆ ಆಟ ಆರಂಭವಾಗುತ್ತದೆ. ಮೇಲಿಂದ ಚೆಂಡು ಬೀಳುತ್ತದೆ. ಕೆಳಗಿರುವ ಬುಟ್ಟಿಯನ್ನು ಅತ್ತಿತ್ತ ಸರಿಸಿ ಹಿಡಿಯಬೇಕು. ಬುಟ್ಟಿ ಸರಿಯುವುದು ರೋಗಿ ಹಿಡಿಯನ್ನು ಚಲಿಸಿದಾಗ ಮಾತ್ರ. ಕೈ ತಲಪಬೇಕಾದ ಕಡೆಗೆ ತಲಪದಿದ್ದರೆ, ಕೊರತೆಯಾದಷ್ಟನ್ನು ಮಾತ್ರ ಮೋಟಾರು ತಾನು ತುಂಬಿಕೊಡುತ್ತದೆ. ಕೈಗೆ ಬಲ ಬಂದಂತೆ ಯಂತ್ರ ಸಹಾಯವನ್ನು ಕಡಿಮೆ ಮಾಡುತ್ತದೆ. ಅದನ್ನು ಕೇಳುತ್ತಿದ್ದಂತೆ ನನಗೆ ರಾಗಿಯ ಮೊರ ನೆನಪಾಯಿತು. ಅಕ್ಕ ಮೊದಮೊದಲು ನನ್ನ ಬೆರಳನ್ನು ಬಿಗಿಯಾಗಿ ಹಿಡಿದಿರುತ್ತಿದ್ದಳು. ಅಕ್ಷರದ ತಿರುವು ನನಗೆ ಒಲಿದಂತೆಲ್ಲ ಅವಳ ಹಿಡಿತ ಸಡಿಲವಾಗುತ್ತಿತ್ತು. ಒಳ್ಳೆಯ ಶಿಕ್ಷಕನ ಲಕ್ಷಣವೂ ಅದೇ ಅಲ್ಲವೆ?

ಆದರೆ ಆಟವೇ ಏಕೆ? ಬರಿಯ ವ್ಯಾಯಾಮ ಸಾಲದೆ? ಇದಕ್ಕೂ ಉತ್ತರ ದೊರೆಯಿತು. ಸತ್ತ ಮಿದುಳಿನ ಭಾಗ ಮತ್ತೆ ಬದುಕುವುದಿಲ್ಲ. ಆದರೆ ಉಳಿದ ಭಾಗಗಳು ಅದರ ಕೆಲಸವನ್ನು ಕಲಿಯಬಲ್ಲವು. ಕಲಿಯಬೇಕಾದರೆ ಒಂದೇ ಚಲನೆಯನ್ನು ನೂರಾರು ಸಲ, ಮನಸ್ಸಿಟ್ಟು ಮಾಡಬೇಕು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದವರು ಪಾರ್ಶ್ವವಾಯು ರೋಗಿಗಳ ಸಾಮಾನ್ಯ ಚಿಕಿತ್ಸೆಯನ್ನು ಪಕ್ಕದಲ್ಲಿ ನಿಂತು ಎಣಿಸಿದಾಗ, ಒಂದು ಅವಧಿಯಲ್ಲಿ ಕೈಯಿಂದ ಉಪಯುಕ್ತ ಚಲನೆ ನಡೆದದ್ದು ಸರಾಸರಿ 32 ಸಲ ಮಾತ್ರ. ಮಗ್ಗಿಯನ್ನು ದಿನಕ್ಕೊಂದು ಸಲ ಹೇಳಿಸಿ ಗಣಿತ ಬರಲಿಲ್ಲವೆಂದು ಮಗುವನ್ನು ದೂರಿದ ಹಾಗೆ! ಜೊತೆಗೆ ಇನ್ನೊಂದು ತೊಡಕಿದೆ. ಒಳ್ಳೆಯ ಕೈ ಎಲ್ಲ ಕೆಲಸವನ್ನೂ ವಹಿಸಿಕೊಂಡುಬಿಡುತ್ತದೆ. ಸೋತ ಕೈ ತನಗೆ ಬರುವಷ್ಟನ್ನೂ ಮರೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಇದಕ್ಕೆ ಒಂದು ಉಪಾಯ ಹೂಡಿದರು: ಒಳ್ಳೆಯ ಕೈಗೆ ದಿನದ ಬಹುಭಾಗ ಚೀಲ ತೊಡಿಸಿ, ಸೋತ ಕೈಗೇ ಕೆಲಸ ಕೊಡುವುದು. ಅದು ಕಠಿನ ಸಾಧನೆ. ಆಟವಾದರೋ ಅದೇ ಕೆಲಸವನ್ನು ನಗುನಗುತ್ತ ಮಾಡಿಸುತ್ತದೆ.

ಇಲ್ಲಿ ಒಂದು ನಿಜವನ್ನು ಮುಚ್ಚಿಡಬಾರದು. ಕಾಕ್ರೇನ್ ಸಂಸ್ಥೆಯವರು 2017ರಲ್ಲಿ 72 ಪ್ರಯೋಗಗಳನ್ನೂ 2470 ರೋಗಿಗಳ ಫಲಿತಾಂಶಗಳನ್ನೂ ಒಟ್ಟುಗೂಡಿಸಿ ಪರಿಶೀಲಿಸಿದರು. ಪರದೆಯ ಆಟ ಸಾಮಾನ್ಯ ಚಿಕಿತ್ಸೆಗಿಂತ ಕೈಗೆ ಹೆಚ್ಚು ಗುಣ ಕೊಡುವುದೆಂದು ಅದರಿಂದ ಸಿದ್ಧವಾಗಲಿಲ್ಲ. ಸಾಮಾನ್ಯ ಚಿಕಿತ್ಸೆಯ ಜೊತೆಗೆ ಸೇರಿ ಅಭ್ಯಾಸದ ಒಟ್ಟು ಕಾಲವನ್ನು ಹೆಚ್ಚಿಸಿದಾಗ ಮಾತ್ರ ಪ್ರಯೋಜನವಾಗಬಹುದೆಂದು ಕಂಡಿತು. ಅಂದರೆ ಗುಣ ಇರುವುದು ಯಂತ್ರದ ಮಾಯೆಯಲ್ಲಲ್ಲ, ಕೈ ಪಟ್ಟ ಶ್ರಮದಲ್ಲಿ. ಇದನ್ನು ತಿಳಿದಿದ್ದರೆ, ಯಂತ್ರವಿಲ್ಲದ ಊರಿನವರೂ ಎದೆಗುಂದಬೇಕಾಗಿಲ್ಲ.

ಅಕ್ಕ ಮೊದಲ ಮೂರು ದಿನ ಯಂತ್ರದ ಮುಂದೆ ಮುಖ ಬಿಗಿದು ಕುಳಿತಳು. ಹಿಡಿಗೆ ಕೈಯನ್ನು ಕಟ್ಟಿದರೆ ಕಟ್ಟಿಸಿಕೊಂಡಳು, ಬಿಚ್ಚಿದರೆ ಬಿಚ್ಚಿಸಿಕೊಂಡಳು. ನಾಲ್ಕನೆಯ ದಿನ ಅವಳ ಸರದಿಗೆ ಮುಂಚೆ ಚಿತ್ತೂರು ಕಡೆಯ ಒಬ್ಬ ರೈತ ಆಡುತ್ತಿದ್ದ. ಪರದೆಯ ಮೂಲೆಯಲ್ಲಿ 41 ಎಂಬ ಅಂಕ ಮೂಡಿತು. ಆತ ಎದ್ದವನು ತೆಲುಗಿನಲ್ಲಿ, “ನಿಮ್ಮಿಂದ ಇಷ್ಟಾಗುತ್ತದೆಯೇನಮ್ಮಾ?” ಎಂದು ನಗುತ್ತ ಕೇಳಿದ. ನಮ್ಮ ಸೀಮೆಯವಳಾದ ಅಕ್ಕನಿಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಅವಳು ಉತ್ತರ ಕೊಡಲಿಲ್ಲ. ಆದರೆ ಅಂದು ಮೊದಲ ಬಾರಿಗೆ ಪರದೆಯನ್ನು ದಿಟ್ಟಿಸಿ ನೋಡಿದಳು. 12 ಚೆಂಡು ಹಿಡಿದಳು. ಸಮಯ ಮುಗಿದಾಗ ಚಿಕಿತ್ಸಕಿ ಪಟ್ಟಿಯನ್ನು ಬಿಚ್ಚಲು ಬಂದರೆ, “ಇನ್ನೊಂದು ಸಲ” ಎಂದಳು.

ಆ ರಾತ್ರಿ ವಸತಿಗೃಹದಲ್ಲಿ ನಾನು ಅವಳಿಗೆ ಒಬ್ಬ ಮೇಷ್ಟರ ಕಥೆ ಹೇಳಿದೆ. ನ್ಯೂಯಾರ್ಕಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪೆಡ್ರೊ ಬಾಕ್-ಇ-ರೀಟಾ ಎಂಬವರಿಗೆ 1950ರ ದಶಕದ ಕೊನೆಯಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿಯಿತು. ಇನ್ನು ಗುಣವಾಗದೆಂದು ವೈದ್ಯರು ಕೈಚೆಲ್ಲಿದರು. ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಮಗ ಜಾರ್ಜ್ ಅವರನ್ನು ತನ್ನ ಮನೆಗೆ ಕರೆದೊಯ್ದು, ಕೂಸು ಕಲಿಯುವ ಕ್ರಮದಲ್ಲಿಯೇ ಕಲಿಸಲು ಹೊರಟ. ಮೊದಲು ಅಂಬೆಗಾಲು. ಆಮೇಲೆ ನೆಲದ ಮೇಲೆ ಕುಳಿತು ಗೋಲಿಯಾಟ: ಮಗ ಗೋಲಿ ಉರುಳಿಸುವುದು, ತಂದೆ ಸೋತ ಕೈಯಿಂದ ಹಿಡಿಯುವುದು. ನೆಲದ ಮೇಲೆ ನಾಣ್ಯ ಹರಡಿ ಹೆಕ್ಕಿಸುವುದು. ಹೀಗೆ ತಿಂಗಳುಗಟ್ಟಲೆ ದುಡಿದು ಆ ಮೇಷ್ಟರು ಮತ್ತೆ ಪಾಠ ಹೇಳಲು ಕಾಲೇಜಿಗೆ ಹೋದರು. ಕೆಲವು ವರ್ಷಗಳ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡಾಗ ಮಿದುಳನ್ನು ಪರೀಕ್ಷಿಸಿದರೆ, ಹಳೆಯ ಗಾಯ ಇದ್ದಂತೆಯೇ ಇತ್ತು. ಉಳಿದ ಮಿದುಳು ಹೊಸ ದಾರಿ ಕಂಡುಕೊಂಡಿತ್ತು. ಅವರ ಇನ್ನೊಬ್ಬ ಮಗ ಪಾಲ್ ಇದನ್ನು ಕಂಡು ಬೆರಗಾಗಿ, ತನ್ನ ಸಂಶೋಧನೆಯನ್ನು ಈ ಕಡೆಗೇ ತಿರುಗಿಸಿದ.

ಕಥೆ ಮುಗಿದ ಮೇಲೆ ಅಕ್ಕ ಕೇಳಿದಳು: “ಎಷ್ಟು ದಿನ ಬೇಕಂತೆ?” ಕಾಯಿಲೆ ಬಿದ್ದ ಮೇಲೆ ಮುಂದಿನ ದಿನಗಳ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು. ನನಗೂ ಧೈರ್ಯ ಬಂತು. ಅಷ್ಟು ದಿನ ಗಂಟಲಲ್ಲಿ ಇರಿಸಿಕೊಂಡಿದ್ದ ಮಾತನ್ನು ಹೇಳಿದೆ: “ಅಕ್ಕಾ, ಅವತ್ತು ಬೆಳಗ್ಗೆಯೇ ನಾನು ಹೊಸೂರಿಗೆ ಕರ್ಕೊಂಡು ಹೋಗಿದ್ದರೆ…” ಅವಳು ಮಾತು ಮುಗಿಸಲು ಬಿಡಲಿಲ್ಲ. “ನಿನಗೆ ಬಂದ ಅಕ್ಷರದಲ್ಲಿ ಅದು ಇರಲಿಲ್ಲ. ನನಗೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಕಲಿಸ್ತಿದ್ದೆ. ದೀಪ ಆರಿಸು” ಎಂದಳು.

ನಾವು ಅಲ್ಲಿ ನಾಲ್ಕು ವಾರ ಇದ್ದೆವು. ಮೂರನೆಯ ವಾರದ ಭಾನುವಾರ ಕೋಟೆಗೆ ಹೋದೆವು. ವಿಜಯನಗರದ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಕಲ್ಲುಕೋಟೆ. ಸುತ್ತಲೂ ನೀರಿನ ಕಂದಕ. ಕನ್ನಡಿಗರಿಗೆ ಈ ಕೋಟೆಯಲ್ಲಿ ಇನ್ನೊಂದು ನೆನಪಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟೀಪು ಸುಲ್ತಾನನ ಮಕ್ಕಳನ್ನೂ ಪರಿವಾರವನ್ನೂ ಆಂಗ್ಲರು ಇಲ್ಲಿಯೇ ಇರಿಸಿದ್ದರು. 1806ರ ಜುಲೈಯಲ್ಲಿ ಇಲ್ಲಿನ ಸಿಪಾಯಿಗಳು ದಂಗೆ ಎದ್ದು ಕೆಲವು ಗಂಟೆಗಳ ಕಾಲವಾದರೂ ಕೋಟೆಯನ್ನು ಹಿಡಿದರು. ದಂಗೆ ಅಡಗಿದ ಬಳಿಕ ಆ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಿದರು.

ಕೋಟೆಯೊಳಗಿನ ಜಲಕಂಠೇಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳ ಕೆತ್ತನೆಯನ್ನು ನೋಡಿಯೇ ತಿಳಿಯಬೇಕು. ಶತಮಾನಗಳ ಕಾಲ ಮೂರ್ತಿಯಿಲ್ಲದೆ ಬರಿದಾಗಿದ್ದ ಈ ಗುಡಿಯಲ್ಲಿ 1981ರಲ್ಲಿ ಲಿಂಗವನ್ನು ಮರಳಿ ಪ್ರತಿಷ್ಠಾಪಿಸಲಾಯಿತು. ಕಾಯಿಲೆಯಾದಂದಿನಿಂದ ಅಕ್ಕ ಗುಡಿಗೆ ಕಾಲಿಟ್ಟಿರಲಿಲ್ಲ. ಕೈ ಮುಗಿಯಲಾಗದವಳು ಯಾವ ಮುಖ ಹೊತ್ತು ಹೋಗಲಿ ಎಂಬುದು ಅವಳ ವಾದ. ಆ ದಿನ ಅರ್ಚಕರು ವಿಭೂತಿ ಹಿಡಿದು ಬಂದಾಗ ಅವಳು ಬಲಗೈಯನ್ನೇ ಚಾಚಿದಳು. ಬೆರಳುಗಳು ಪೂರ್ತಿ ಬಿಡಿಸಿರಲಿಲ್ಲ. ಎಡಗೈಯನ್ನು ಅದರ ಕೆಳಗೆ ಆಸರೆಯಾಗಿ ಇಟ್ಟಿದ್ದಳು. ಅರ್ಚಕರು ಏನನ್ನೂ ಕೇಳದೆ, ಒಂದು ಕ್ಷಣ ಕಾದು, ಅರೆತೆರೆದ ಆ ಅಂಗೈಯೊಳಗೆ ವಿಭೂತಿ ಇಟ್ಟರು.

ಊರಿಗೆ ಹೊರಡುವ ಮುನ್ನಾದಿನ ನಾನು ಚಿಕಿತ್ಸಕಿಯನ್ನು ಕೇಳಿದೆ: “ಈ ಯಂತ್ರವನ್ನು ನಾವು ಹಳ್ಳಿಗೆ ಕೊಂಡೊಯ್ಯುವ ಹಾಗಿಲ್ಲ. ಮುಂದೇನು ಮಾಡುವುದು?” ಅವಳು ನಕ್ಕು ಮರುಪ್ರಶ್ನೆ ಹಾಕಿದಳು: “ಅಮ್ಮ ಚಿಕ್ಕಂದಿನಲ್ಲಿ ಯಾವ ಆಟ ಆಡುತ್ತಿದ್ದರು?” ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತಮಿಳಿನಲ್ಲಿ, “ಪಲ್ಲಾಂಗುಳಿ” ಎಂದಳು. ನಮ್ಮ ಅಳಗುಳಿಮಣೆಗೆ ತಮಿಳರು ಕರೆಯುವ ಹೆಸರು ಅದು. ಚಿಕಿತ್ಸಕಿಗೆ ಬಹಳ ಸಂತೋಷವಾಯಿತು. ಕಾಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಹೆಕ್ಕುವುದು, ಅಂಗೈಯಲ್ಲಿ ಹಿಡಿದಿಡುವುದು, ಒಂದೊಂದನ್ನೇ ಬಿಡುವುದು, ತೋಳನ್ನು ಗುಳಿಯಿಂದ ಗುಳಿಗೆ ಸರಿಸುವುದು: ಕೈಗೆ ಬೇಕಾದ ಪಾಠವೆಲ್ಲ ಅದರಲ್ಲಿದೆ ಎಂದಳು. ಪಾರ್ಶ್ವವಾಯುವಿನ ಕೈಗೆ ಹಿಡಿಯುವುದಕ್ಕಿಂತ ಬಿಡುವುದೇ ಹೆಚ್ಚು ಕಷ್ಟವಂತೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರು ಲೋಟ, ಚೆಂಡು ಮುಂತಾದ ದಿನಬಳಕೆಯ ವಸ್ತುಗಳಿಗೇ ಚಲನೆಯನ್ನು ಗ್ರಹಿಸುವ ಸಣ್ಣ ಸಾಧನವೊಂದನ್ನು ಅಂಟಿಸಿ, ಅವುಗಳಿಂದಲೇ ಪರದೆಯ ಆಟ ಆಡಿಸುವ ಕ್ರಮವನ್ನು ಬೆಳೆಸಿದ್ದಾರೆ. ಕೈಗೆ ಪರಿಚಿತವಾದ ವಸ್ತುವೇ ಕೈಗೆ ಒಳ್ಳೆಯ ಗುರು ಎಂಬುದು ಅವರ ತಾತ್ಪರ್ಯವೂ ಆಗಿದೆ.

ಅಟ್ಟದಿಂದ ಅಳಗುಳಿಮಣೆ ಇಳಿಯಿತು. 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ತಿಳಿದುದರಿಂದ ತಿಳಿಯದುದಕ್ಕೆ, ಸುಲಭದಿಂದ ಕಠಿನಕ್ಕೆ ಎಂಬ ನಮ್ಮ ತರಬೇತಿಯ ಸೂತ್ರವನ್ನೇ ನಾನು ಅನುಸರಿಸಿದೆ. ಮೊದಲು ದಪ್ಪನೆಯ ಗಜ್ಜುಗ. ಅದು ಒಲಿದ ಮೇಲೆ ಹುಣಿಸೆಬೀಜ. ಕಟ್ಟಳೆ ಒಂದೇ: ಕಾಳು ಬಿತ್ತುವುದು ಬಲಗೈ ಮಾತ್ರ. ಮೊದಲ ವಾರ ಒಂದು ಆಟ ಮುಗಿಯಲು ಒಂದು ಗಂಟೆ ಹಿಡಿಯಿತು. ನನಗೆ ಬೇಸರವಾದೀತೆಂದು ಅವಳೇ ಆಟ ನಿಲ್ಲಿಸುತ್ತಿದ್ದಳು. ಬೇಸಗೆ ರಜೆ ಬಂದ ಮೇಲೆ ಶಾಲೆಯ ಮಕ್ಕಳು ಮನೆಗೆ ಬರಲಾರಂಭಿಸಿದರು. ಅಳಗುಳಿಮಣೆ ಎಂಬ ಹೆಸರನ್ನೇ ಕೇಳದಿದ್ದ ಮಕ್ಕಳು ಅವರು. ನಿಧಾನವಾಗಿ ಬಿತ್ತುವ ಅಜ್ಜಿಯ ಎದುರು ಅವರು ತಾಳ್ಮೆಯಿಂದ ಕಾದರು, ಒಂದೊಂದು ಕಾಳು ಬಿದ್ದಾಗಲೂ ಕನ್ನಡದಲ್ಲಿ ಎಣಿಸಿದರು. ಎಣಿಕೆ ತಪ್ಪಿದವರನ್ನು ಅಕ್ಕ ತಿದ್ದಿದಳು. ಯಾರು ಯಾರಿಗೆ ಚಿಕಿತ್ಸೆ ಮಾಡುತ್ತಿದ್ದಾರೆಂದು ಹೇಳುವುದು ನನಗೆ ಕಷ್ಟವಾಯಿತು.

ಅಕ್ಕನ ಕೈ ಮೊದಲಿನಂತೆ ಆಗಿಲ್ಲ. ಆಗುವುದೂ ಇಲ್ಲವೇನೋ. ರಂಗೋಲಿಯ ಎಳೆ ಇನ್ನೂ ಬಾರದು. ಗುಲಗಂಜಿಯಷ್ಟು ಸಣ್ಣ ಕಾಳು ಇನ್ನೂ ಬೆರಳಿಗೆ ಸಿಗದು. ಆದರೆ ಶಾಲೆ ಮತ್ತೆ ತೆರೆದ ವಾರ, ಒಂದು ಮಧ್ಯಾಹ್ನ, ನನ್ನ ಹೆಂಡತಿ ಎಂದಿನಂತೆ ಪಕ್ಕದಲ್ಲಿ ಕುಳಿತು ತುತ್ತು ಮಾಡಲು ಹೊರಟಾಗ ಅಕ್ಕ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬಲಗೈ ಮುದ್ದೆಯ ಅಂಚನ್ನು ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು. ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಚೂರೊಂದು ಮುರಿಯಿತು. ಅದನ್ನು ಸಾರಿನಲ್ಲಿ ಅದ್ದಿ ಬಾಯಿಗೆ ತರುವಷ್ಟರಲ್ಲಿ ಅರ್ಧ ಸಾರು ಸೀರೆಯ ಮೇಲೆ ಚೆಲ್ಲಿತ್ತು. ನನ್ನ ಹೆಂಡತಿ ಒರೆಸಲು ಬಟ್ಟೆ ತಂದಳು.

“ಬಿಡಮ್ಮಾ, ಇರಲಿ” ಎಂದಳು ಅಕ್ಕ. “ಅದು ನನ್ನ ಕೈಯೇ ಚೆಲ್ಲಿದ್ದು.”

ಆ ದಿನ ಅವಳು ಅರ್ಧ ಮುದ್ದೆ ಉಂಡಳು. ಮುಕ್ಕಾಲು ಗಂಟೆ ಹಿಡಿಯಿತು. ನಾನು ಶಾಲೆಗೆ ತಡವಾಗಿ ಹೋದೆ.